ಕಿರೀಟದ ಅಂಚಿನ ಮಂಕು ಚುಕ್ಕಿ: ಟಿ ಕರೋನಾ ಬೋರಿಯಾಲಿಸ್ ಅನ್ನು ನೋಡುವುದು ಹೇಗೆ, ಕಾಯುವುದು ಏಕೆ

ಏಪ್ರಿಲ್ ತಿಂಗಳಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಟೆರೇಸ್ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಪ್ತರ್ಷಿ ಮಂಡಲ ಎತ್ತರದಲ್ಲಿ ಕಾಣುತ್ತದೆ. ಅದರ ಬಾಲ ಬಾಗಿರುತ್ತದಲ್ವಾ, ಆ ಬಾಗನ್ನು ಹಾಗೇ ಮುಂದಕ್ಕೆ ಎಳೆದುಕೊಂಡು ಹೋದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಸ್ವಾತಿಯಿಂದ ಈಶಾನ್ಯದ ದಿಗಂತದ ಕಡೆಗೆ ಸ್ವಲ್ಪ ಇಳಿಯಿರಿ. ಏಳು ನಕ್ಷತ್ರಗಳು ಒಡೆದ ಬಳೆಯ ತುಂಡಿನ ಹಾಗೆ ಸಾಲಾಗಿ ನಿಂತಿರುತ್ತವೆ. ಇದೇ ಉತ್ತರ ಕಿರೀಟ. ಇಂಗ್ಲಿಷ್ ನಕಾಶೆಗಳಲ್ಲಿ ಇದಕ್ಕೆ ಕರೋನಾ ಬೋರಿಯಾಲಿಸ್ ಎಂಬ ಲ್ಯಾಟಿನ್ ಹೆಸರಿದೆ.

ಈ ಬಳೆಯ ಪೂರ್ವದ ತುದಿಯ ಹತ್ತಿರ ಎಪ್ಸಿಲಾನ್ ಎಂಬ ನಕ್ಷತ್ರವಿದೆ. ಅದರಿಂದ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ದೂರ, ದಕ್ಷಿಣಕ್ಕೆ ಬಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಖಾಲಿ ಆಕಾಶ. ಅಲ್ಲೇ ಇದೆ ಟಿ ಕರೋನಾ ಬೋರಿಯಾಲಿಸ್. ಹೆಸರು ಉದ್ದವಾಯಿತು, ಇನ್ನು ಮುಂದೆ ಟಿ ಎಂದೇ ಕರೆಯೋಣ.

ಬರಿಗಣ್ಣಿಗೆ ಕಾಣದ ಈ ಚುಕ್ಕಿಯನ್ನು ಜಗತ್ತಿನ ಎಷ್ಟೋ ಹವ್ಯಾಸಿಗಳು ಪ್ರತಿ ರಾತ್ರಿ ನೋಡುತ್ತಾರೆ. ನೋಡಿ, ಒಂದು ಅಂಕಿ ಬರೆದಿಟ್ಟು ಮಲಗುತ್ತಾರೆ. ಹೆಚ್ಚಿನ ರಾತ್ರಿ ಆ ಅಂಕಿ ಹತ್ತರ ಆಸುಪಾಸು. ಹಾಗಿದ್ದರೂ ಯಾಕೆ ನೋಡುತ್ತಾರೆ? ನಾನೂ ಆ ಗುಂಪಿನಲ್ಲಿ ಒಬ್ಬ. ಈ ಪ್ರಶ್ನೆಯನ್ನು ಮನೆಯವರಿಂದ ಬೇಕಾದಷ್ಟು ಸಲ ಕೇಳಿದ್ದೇನೆ. ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆಯೋಣ ಅನ್ನಿಸಿತು.

ಮೊದಲು ಆ ಅಂಕಿಯ ವಿಷಯ. ನಕ್ಷತ್ರ ಎಷ್ಟು ಬೆಳಗುತ್ತದೆ ಎಂದು ಹೇಳಲು ಕಾಂತಿಮಾನ ಎಂಬ ಅಳತೆ ಇದೆ. ಇದು ಸ್ವಲ್ಪ ಉಲ್ಟಾ ಅಳತೆ: ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಧ್ರುವ ನಕ್ಷತ್ರದ ಕಾಂತಿಮಾನ ಸುಮಾರು 2. ಬೀದಿ ದೀಪಗಳಿಲ್ಲದ ಒಳ್ಳೆ ಕತ್ತಲಲ್ಲಿ ಬರಿಗಣ್ಣು 6ರವರೆಗೆ ನೋಡಬಲ್ಲದು. ಒಂದೊಂದು ಮೆಟ್ಟಿಲು ಇಳಿದಾಗಲೂ ಬೆಳಕು ಎರಡೂವರೆ ಪಟ್ಟು ಕಮ್ಮಿಯಾಗುತ್ತದೆ. ನಿಖರವಾಗಿ ಹೇಳುವುದಾದರೆ 2.512 ಪಟ್ಟು. ಹೀಗೆ ಲೆಕ್ಕ ಕಟ್ಟಬೇಕು ಎಂದು 1856ರಲ್ಲಿ ಹೇಳಿದವರು ನಾರ್ಮನ್ ಪಾಗ್ಸನ್. ಅವರು 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದವರು 1891ರಲ್ಲಿ ಸಾಯುವವರೆಗೂ ಅಲ್ಲೇ ದುಡಿದರು. ಇಂದು ಜಗತ್ತಿನ ಎಲ್ಲ ಖಗೋಳ ವಿಜ್ಞಾನಿಗಳೂ ಬಳಸುವ ಅಳತೆಕೋಲು ಅವರದು.

ಟಿ ಸಾಮಾನ್ಯವಾಗಿ 10ರಲ್ಲಿ ಇರುತ್ತದೆ. ಕಣ್ಣು ಕಾಣಬಲ್ಲ ಅತಿ ಮಂಕು ನಕ್ಷತ್ರಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ, ಅಂದರೆ ಸುಮಾರು ನಲವತ್ತು ಪಟ್ಟು ಮಂಕು. ಆದರೆ ಇದೇ ಟಿ, ಸುಮಾರು ಎಂಬತ್ತು ವರ್ಷಕ್ಕೊಮ್ಮೆ, ಕೆಲವೇ ಗಂಟೆಗಳಲ್ಲಿ 2ರ ಹತ್ತಿರಕ್ಕೆ ಏರುತ್ತದೆ. ಎಂಟು ಮೆಟ್ಟಿಲು. ಲೆಕ್ಕ ಹಾಕಿದರೆ ಒಂದೂವರೆ ಸಾವಿರ ಪಟ್ಟಿಗೂ ಜಾಸ್ತಿ. ಸಂಜೆ ಖಾಲಿ ಇದ್ದ ಜಾಗದಲ್ಲಿ ಬೆಳಗಿನ ಜಾವ ಧ್ರುವ ನಕ್ಷತ್ರದಷ್ಟು ದೊಡ್ಡ ಚುಕ್ಕಿ ನಿಂತಿರುತ್ತದೆ. ಒಂದು ವಾರದೊಳಗೆ ಮತ್ತೆ ಕಣ್ಣಿಗೆ ಕಾಣದಷ್ಟು ಇಳಿದುಬಿಡುತ್ತದೆ.

ಇದು ಹೇಗೆ ಸಾಧ್ಯ ಅಂದರೆ, ಟಿ ಒಂದು ನಕ್ಷತ್ರ ಅಲ್ಲ, ಎರಡು. ಒಂದು ಕೆಂಪು ದೈತ್ಯ, ಇನ್ನೊಂದು ಶ್ವೇತ ಕುಬ್ಜ.

ಕೆಂಪು ದೈತ್ಯ ಅಂದರೆ ವಯಸ್ಸಾದ ನಕ್ಷತ್ರ. ನಡುವಿನ ಇಂಧನ ಮುಗಿದು, ಹೊರಮೈ ಊದಿಕೊಂಡು, ತಣ್ಣಗಾಗಿ ಕೆಂಪಗಾಗಿದೆ. ಟಿಯ ದೈತ್ಯ ನಮ್ಮ ಸೂರ್ಯನ ಅರವತ್ತು ಎಪ್ಪತ್ತು ಪಟ್ಟು ಅಗಲ. ಆದರೆ ತೂಕದಲ್ಲಿ ಸೂರ್ಯನಿಗಿಂತ ತೀರಾ ಬೇರೆ ಏನಲ್ಲ. ಅಷ್ಟೇ ಸರಕನ್ನು ಅಷ್ಟು ದೊಡ್ಡ ಜಾಗಕ್ಕೆ ಹರಡಿದರೆ ಅದರ ಹೊರಪದರ ಎಷ್ಟು ಸಡಿಲವಾಗಿರುತ್ತದೆ ಎಂದು ಊಹಿಸಿಕೊಳ್ಳಿ. ಶ್ವೇತ ಕುಬ್ಜ ಇದರ ತದ್ವಿರುದ್ಧ. ಅದು ಬದುಕು ಮುಗಿಸಿದ ನಕ್ಷತ್ರದ ಉಳಿದ ತಿರುಳು. ಸೂರ್ಯನಿಗಿಂತ ಜಾಸ್ತಿ ತೂಕ, ಆದರೆ ಗಾತ್ರದಲ್ಲಿ ನಮ್ಮ ಭೂಮಿಯನ್ನೂ ಮೀರುವುದಿಲ್ಲ. ಇವೆರಡೂ ಒಂದನ್ನೊಂದು 227 ದಿನಕ್ಕೊಮ್ಮೆ ಸುತ್ತುತ್ತವೆ. ಇವುಗಳ ನಡುವಿನ ದೂರ ಹೆಚ್ಚುಕಡಿಮೆ ಭೂಮಿಗೂ ಸೂರ್ಯನಿಗೂ ಇರುವಷ್ಟು.

ಎರಡು ನಕ್ಷತ್ರ ಅಂದಕೂಡಲೇ ಟೆಲಿಸ್ಕೋಪಿನಲ್ಲಿ ಎರಡು ಚುಕ್ಕಿ ಕಾಣುತ್ತದೆ ಅಂದುಕೊಳ್ಳಬೇಡಿ. ಟಿ ನಮ್ಮಿಂದ ಸುಮಾರು 3000 ಜ್ಯೋತಿರ್ವರ್ಷ ದೂರದಲ್ಲಿದೆ. ಅಷ್ಟು ದೂರದಿಂದ ಇವೆರಡನ್ನು ಬಿಡಿಸಿ ನೋಡುವ ಮಾತೇ ಇಲ್ಲ. ಇದು ಜೋಡಿ ಎಂದು ಗೊತ್ತಾದದ್ದು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ. ಕೆಂಪು ನಕ್ಷತ್ರದ ವರ್ಣಪಟಲದಲ್ಲಿರುವ ಗೆರೆಗಳು ಒಮ್ಮೆ ನೀಲಿಯ ಕಡೆಗೆ, ಒಮ್ಮೆ ಕೆಂಪಿನ ಕಡೆಗೆ ಸರಿಯುತ್ತವೆ. ರೈಲು ಹತ್ತಿರ ಬರುವಾಗ ಶಿಳ್ಳೆ ತಾರಕಕ್ಕೇರಿ, ದಾಟಿ ಹೋದಮೇಲೆ ದಪ್ಪವಾಗುತ್ತದಲ್ವಾ, ಅದೇ ಥರ. ನಕ್ಷತ್ರ ನಮ್ಮ ಕಡೆ ಬಂದು, ಆಚೆ ಹೋಗಿ, ಮತ್ತೆ ಬರುತ್ತಿದೆ. ಅಂದರೆ ಯಾವುದನ್ನೋ ಸುತ್ತುತ್ತಿದೆ.

ಈಗ ವಿಷಯದ ನಡುಭಾಗಕ್ಕೆ ಬರೋಣ. ಕುಬ್ಜ ಚಿಕ್ಕದಾದರೂ ಅದರ ಸೆಳೆತ ಜೋರು. ಊದಿಕೊಂಡ ದೈತ್ಯನ ಹೊರಪದರ ಸಡಿಲ. ಹಾಗಾಗಿ ದೈತ್ಯನ ಅನಿಲ ಕುಬ್ಜದ ಕಡೆಗೆ ಹರಿಯುತ್ತದೆ. ನೇರವಾಗಿ ಬೀಳುವುದಿಲ್ಲ. ಬಚ್ಚಲ ತೂಬಿನ ಸುತ್ತ ನೀರು ಸುತ್ತಿ ಸುತ್ತಿ ಇಳಿಯುವ ಹಾಗೆ, ಕುಬ್ಜದ ಸುತ್ತ ಒಂದು ತಟ್ಟೆಯಾಗಿ ಸುತ್ತಿಕೊಂಡು ನಿಧಾನಕ್ಕೆ ಅದರ ಮೈಮೇಲೆ ಇಳಿಯುತ್ತದೆ. ಹೀಗೆ ಇಳಿದದ್ದು ಹೆಚ್ಚಾಗಿ ಜಲಜನಕ. ದಶಕಗಳ ಕಾಲ ಪದರದ ಮೇಲೆ ಪದರ ಕೂರುತ್ತಾ ಹೋಗುತ್ತದೆ. ಅಡಿಯ ಪದರ ಒತ್ತಡಕ್ಕೆ ಸಿಕ್ಕು ಬಿಸಿಯಾಗುತ್ತಾ ಹೋಗುತ್ತದೆ. ಕೋಟಿ ಡಿಗ್ರಿ ದಾಟಿದ ಮೇಲೆ ಅಲ್ಲಿ ಪರಮಾಣು ಸಮ್ಮಿಲನ ಚುರುಕಾಗುತ್ತದೆ.

ಸಮ್ಮಿಲನ ಸೂರ್ಯನ ಒಳಗೂ ನಡೆಯುತ್ತದೆ, ಆದರೆ ಸೂರ್ಯ ಸಿಡಿಯುವುದಿಲ್ಲ. ಯಾಕೆಂದರೆ ಸೂರ್ಯನ ಒಳಗೆ ಬಿಸಿ ಜಾಸ್ತಿಯಾದರೆ ಅನಿಲ ಹಿಗ್ಗುತ್ತದೆ, ಹಿಗ್ಗಿದರೆ ತಣಿಯುತ್ತದೆ. ಕುಕ್ಕರಿನ ವಿಷಲ್ ಇದ್ದ ಹಾಗೆ, ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ. ಕುಬ್ಜದ ಮೈಮೇಲೆ ವಸ್ತು ಎಷ್ಟು ಒತ್ತೊತ್ತಾಗಿ ತುಂಬಿರುತ್ತದೆ ಅಂದರೆ, ಬಿಸಿಯಾದರೂ ಅದು ಹಿಗ್ಗುವುದಿಲ್ಲ. ವಿಷಲ್ ಕಟ್ಟಿಕೊಂಡಿದೆ. ಬಿಸಿ ಏರಿದರೆ ಸಮ್ಮಿಲನ ಜೋರಾಗುತ್ತದೆ, ಸಮ್ಮಿಲನ ಜೋರಾದರೆ ಬಿಸಿ ಇನ್ನೂ ಏರುತ್ತದೆ. ಕೊನೆಗೆ ಒಂದು ಹಂತದಲ್ಲಿ ಇಡೀ ಪದರವೇ ಒಮ್ಮೆಲೇ ಹೊತ್ತಿಕೊಂಡು ಆಕಾಶಕ್ಕೆ ಹಾರಿಹೋಗುತ್ತದೆ. ಇದಕ್ಕೆ ನೋವಾ ಎಂದು ಹೆಸರು.

ಕುಬ್ಜ ಮಾತ್ರ ಹಾಗೇ ಉಳಿಯುತ್ತದೆ. ಸೂಪರ್‌ನೋವಾಕ್ಕೂ ನೋವಾಕ್ಕೂ ಇರುವ ವ್ಯತ್ಯಾಸ ಇದು. ಸೂಪರ್‌ನೋವಾದಲ್ಲಿ ನಕ್ಷತ್ರವೇ ಹೋಗಿಬಿಡುತ್ತದೆ. ನೋವಾದಲ್ಲಿ ಮೈಮೇಲಿನ ಪದರ ಮಾತ್ರ ಹೋಗುತ್ತದೆ. ದೈತ್ಯ ಮತ್ತೆ ಸುರಿಯಲು ಶುರು ಮಾಡುತ್ತದೆ, ಪದರ ಮತ್ತೆ ಕೂರುತ್ತದೆ. ಎಲ್ಲ ನೋವಾಗಳೂ ಹೀಗೆ ಮರುಕಳಿಸುತ್ತವೆ ಎಂದೇ ವಿಜ್ಞಾನಿಗಳ ಅಂದಾಜು. ಆದರೆ ಹೆಚ್ಚಿನವಕ್ಕೆ ಸಾವಿರಾರು ವರ್ಷ ಬೇಕು. ಮನುಷ್ಯನ ದಾಖಲೆಯೊಳಗೆ ಎರಡು ಸಲ ಸಿಡಿದದ್ದು ನಮ್ಮ ಗ್ಯಾಲಕ್ಸಿಯಲ್ಲಿ ಹತ್ತರಷ್ಟು ಮಾತ್ರ ಗೊತ್ತು. ಟಿಯ ಕುಬ್ಜ ತುಂಬಾ ಭಾರ. ಅದು ತೂಗಬಹುದಾದ ಗರಿಷ್ಠ ತೂಕದ ಹತ್ತಿರವೇ ಇದೆ. ಭಾರ ಜಾಸ್ತಿಯಿದ್ದಷ್ಟೂ ತೆಳ್ಳನೆಯ ಪದರವೇ ಸಾಕು, ಹೊತ್ತಿಕೊಳ್ಳುತ್ತದೆ. ಅದಕ್ಕೇ ಎಂಬತ್ತು ವರ್ಷದಲ್ಲಿ ಕೆಲಸ ಮುಗಿಯುತ್ತದೆ.

ಇಂಥ ಹತ್ತರಲ್ಲಿ ಯು ಸ್ಕಾರ್ಪಿಯೈ ಎಂಬುದೂ ಒಂದು. ಅದು ಸಿಡಿದದ್ದನ್ನು ಮೊದಲು ಕಂಡವರು ಮೇಲೆ ಹೇಳಿದ ಪಾಗ್ಸನ್ ಅವರೇ. 1863ರ ಮೇ ತಿಂಗಳಲ್ಲಿ, ಮದರಾಸಿನಿಂದ. ಅದೇ ವೀಕ್ಷಣಾಲಯದಲ್ಲಿ ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲೈ ಎಂಬ ಚಂಚಲ ನಕ್ಷತ್ರವನ್ನು ಕಂಡುಹಿಡಿದರು. ಚಂಚಲ ನಕ್ಷತ್ರ ಅಂದರೆ ಬೆಳಕು ಏರಿಳಿಯುವ ನಕ್ಷತ್ರ. ಇದು ಮಾತ್ರ ಒಂಟಿಯಾಗಿಯೇ ಉಬ್ಬಿ ತಗ್ಗುವ ಕೆಂಪು ದೈತ್ಯ. ಆಧುನಿಕ ಕಾಲದಲ್ಲಿ ಇಂಥದ್ದೊಂದನ್ನು ಪತ್ತೆ ಮಾಡಿದ ಮೊದಲ ಭಾರತೀಯ ಅವರು. ಶಾಲೆಯ ಪುಸ್ತಕಗಳಲ್ಲಿ ಈ ಹೆಸರು ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಟಿಯ ಕಥೆಗೆ ಮರಳೋಣ. 1866ರ ಮೇ 12ರ ರಾತ್ರಿ. ಐರ್ಲೆಂಡಿನ ಟ್ಯೂಮ್ ಎಂಬ ಊರಿನ ಹತ್ತಿರ ಜಾನ್ ಬರ್ಮಿಂಗ್‌ಹ್ಯಾಮ್ ಎಂಬ ಜಮೀನುದಾರ ಗೆಳೆಯನ ಮನೆಯಿಂದ ನಡೆದುಕೊಂಡು ಬರುತ್ತಿದ್ದ. ನಡುರಾತ್ರಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ತಲೆಯೆತ್ತಿದರೆ ಕಿರೀಟದಲ್ಲಿ ಒಂದು ನಕ್ಷತ್ರ ಜಾಸ್ತಿ! ಆಕಾಶ ಬಾಯಿಪಾಠ ಇದ್ದವನಿಗೆ ಮಾತ್ರ ಇದು ಗೊತ್ತಾಗುತ್ತದೆ. ಅವನು ಲಂಡನ್ನಿನ ವಿಲಿಯಂ ಹಗಿನ್ಸ್ ಅವರಿಗೆ ಪತ್ರ ಬರೆದ. ಹಗಿನ್ಸ್ ಆಗತಾನೇ ನಕ್ಷತ್ರಗಳ ವರ್ಣಪಟಲ ನೋಡಲು ಶುರು ಮಾಡಿದ್ದರು. ಟಿಯ ಬೆಳಕಿನಲ್ಲಿ ಜಲಜನಕದ ಹೊಳೆಯುವ ಗೆರೆಗಳು ಕಂಡವು. ಒಂದು ನೋವಾದ ವರ್ಣಪಟಲವನ್ನು ಮನುಷ್ಯ ನೋಡಿದ್ದು ಅದೇ ಮೊದಲು.

ಎರಡನೇ ಸಲ 1946ರ ಫೆಬ್ರವರಿಯಲ್ಲಿ. ಈ ಸಲದ ಕಥೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಅಮೆರಿಕದ ಒಹಾಯೋದ ಡೆಲ್ಫೋಸ್ ಎಂಬಲ್ಲಿ ಲೆಸ್ಲಿ ಪೆಲ್ಟಿಯರ್ ಎಂಬ ರೈತ ಇದ್ದ. ಹುಡುಗನಿದ್ದಾಗ ಸ್ಟ್ರಾಬೆರಿ ಕೊಯ್ದು ಬಂದ ಕೂಲಿಯಲ್ಲಿ ಮೊದಲ ಟೆಲಿಸ್ಕೋಪ್ ಕೊಂಡವನು. ಜೀವಮಾನವಿಡೀ ಚಂಚಲ ನಕ್ಷತ್ರಗಳನ್ನು ನೋಡಿದ, ಹಲವು ಧೂಮಕೇತುಗಳನ್ನು ಕಂಡುಹಿಡಿದ. 1920ರಿಂದ ಅವನು ಟಿಯನ್ನು ಬಿಡದೆ ನೋಡುತ್ತಿದ್ದ. ಇಪ್ಪತ್ತೈದು ವರ್ಷ! ಫೆಬ್ರವರಿಯ ಆ ರಾತ್ರಿ ಎರಡೂವರೆಗೆ ಅಲಾರಂ ಇಟ್ಟು ಎದ್ದ. ಆಕಾಶ ತಿಳಿಯಾಗಿತ್ತು. ಆದರೆ ನೆಗಡಿ ಬರುವ ಸೂಚನೆ ಇತ್ತು, ಗಂಟಲು ಕೆರೆಯುತ್ತಿತ್ತು. ಇವತ್ತೊಂದು ದಿನ ಬೇಡ ಅಂತ ಹೋಗಿ ಮಲಗಿದ. ಅದೇ ರಾತ್ರಿ ಟಿ ಸಿಡಿಯಿತು.

ಒಲೆಯ ಮೇಲೆ ಹಾಲಿಟ್ಟು ಅರ್ಧ ಗಂಟೆ ಕಾದು, ಒಂದು ನಿಮಿಷ ಆ ಕಡೆ ತಿರುಗಿದಾಗಲೇ ಉಕ್ಕಿದ ಹಾಗೆ. ಅದನ್ನು ಕಂಡವರಲ್ಲಿ ಸೋವಿಯತ್ ಒಕ್ಕೂಟದ ಒಬ್ಬ ರೈಲ್ವೆ ಹಳಿ ಪರೀಕ್ಷಕ ಇದ್ದ, ವೇಲ್ಸಿನ 15 ವರ್ಷದ ಒಬ್ಬ ಹುಡುಗ ಇದ್ದ. ಪೆಲ್ಟಿಯರ್ ಇರಲಿಲ್ಲ.

ಆದರೆ ಆ ಇಪ್ಪತ್ತೈದು ವರ್ಷ ದಂಡವಾಯಿತಾ? ಇಲ್ಲ. ಈ ಲೇಖನದಲ್ಲಿ ನಾನು ಹೇಳಬೇಕು ಅಂದುಕೊಂಡಿದ್ದು ಮುಖ್ಯವಾಗಿ ಇದನ್ನೇ. ಪೆಲ್ಟಿಯರ್ ಮತ್ತು ಅವನಂಥ ಹವ್ಯಾಸಿಗಳು ಬರೆದಿಟ್ಟ ಅಂಕಿಗಳನ್ನು ಮುಂದೆ ವಿಜ್ಞಾನಿಗಳು ಸಾಲಾಗಿ ಜೋಡಿಸಿ ನೋಡಿದರು. ಆಗ ಒಂದು ವಿಷಯ ಕಂಡಿತು. 1938ರ ಸುಮಾರಿಗೆ ಟಿ ಇದ್ದದ್ದಕ್ಕಿಂತ ಸ್ವಲ್ಪ ಬೆಳಗಿತ್ತು. ಏಳೆಂಟು ವರ್ಷ ಹಾಗೇ ಇದ್ದು, 1945ರಲ್ಲಿ ಇದ್ದಕ್ಕಿದ್ದಂತೆ ಮಂಕಾಗಿತ್ತು. ಮುಂದಿನ ಫೆಬ್ರವರಿಯಲ್ಲೇ ಸ್ಫೋಟ. ಏನೂ ನಡೆಯುತ್ತಿಲ್ಲ ಎಂದುಕೊಂಡು ಬರೆದ ಅಂಕಿಗಳ ಒಳಗೆ ಮುನ್ಸೂಚನೆ ಅಡಗಿತ್ತು.

ಅದೇ ಥರ 2015ರ ಸುಮಾರಿಗೆ ಟಿ ಮತ್ತೆ ಸ್ವಲ್ಪ ಬೆಳಗಿತು, ಬಣ್ಣದಲ್ಲಿ ನೀಲಿ ಜಾಸ್ತಿಯಾಯಿತು. ಅಂದರೆ ಕುಬ್ಜದ ಮೇಲೆ ಸುರಿಯುವುದು ಜೋರಾಗಿತ್ತು. 2023ರ ವಸಂತದಲ್ಲಿ ಮಂಕಾಗತೊಡಗಿತು. ಹಳೆಯ ದಾಖಲೆ ಎದುರಿಗಿಟ್ಟುಕೊಂಡಿದ್ದ ಅಮೆರಿಕದ ಖಗೋಳ ವಿಜ್ಞಾನಿ ಬ್ರಾಡ್ಲಿ ಶೇಫರ್ ಮತ್ತು ಸಂಗಡಿಗರು, 2024ರಲ್ಲಿ ಸಿಡಿಯಬಹುದು ಎಂದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. 2024 ಸುಮ್ನೆ ಕಳೆಯಿತು. ಟಿ ಅಲ್ಲಾಡಲಿಲ್ಲ.

ಇದರಿಂದ ಬೇಸರಪಟ್ಟವರು ಬಹಳ ಜನ. ನನಗೆ ಹಾಗನ್ನಿಸುವುದಿಲ್ಲ. 1866ರ ಮೇ ತಿಂಗಳಿಂದ 1946ರ ಫೆಬ್ರವರಿಗೆ 79 ವರ್ಷ 9 ತಿಂಗಳು. ನಮ್ಮ ಕೈಯಲ್ಲಿ ಚೆನ್ನಾಗಿ ದಾಖಲಾದ ಒಂದೇ ಒಂದು ಅಂತರ ಇದು. ಅದೇ ಅಂತರ ಮತ್ತೆ ಇಟ್ಟರೆ 2025ರ ಕೊನೆಗೆ ಬರುತ್ತದೆ. ಆದರೆ ಒಂದು ಅಂತರ ಇಟ್ಟುಕೊಂಡು ನಕ್ಷತ್ರಕ್ಕೆ ಪಂಚಾಂಗ ಬರೆಯಲು ಆಗುವುದಿಲ್ಲ. 1787ರಲ್ಲಿ ಮತ್ತು ಅದಕ್ಕೂ ಬಹಳ ಹಿಂದೆ 1217ರಲ್ಲಿ ಯುರೋಪಿನಲ್ಲಿ ಬರೆದಿಟ್ಟ ಎರಡು ಟಿಪ್ಪಣಿಗಳು ಟಿಯ ಬಗ್ಗೆಯೇ ಇರಬೇಕು ಎಂದು ಶೇಫರ್ ವಾದಿಸಿದ್ದಾರೆ. ಅದು ಸರಿಯಾದರೆ ಎಂಬತ್ತರ ಲೆಕ್ಕಕ್ಕೆ ಬಲ ಬರುತ್ತದೆ. ಆದರೂ ಒಂದೆರಡು ವರ್ಷ ಆಚೀಚೆ ಆಗುವುದಕ್ಕೆ ಜಾಗ ಇದ್ದೇ ಇದೆ. ನೀವು ಇದನ್ನು ಓದುವ ಹೊತ್ತಿಗೆ ಟಿ ಮಂಕಾಗಿಯೇ ಇರಬಹುದು, ನಿನ್ನೆಯೇ ಉರಿದಿರಬಹುದು.

ಇನ್ನೊಂದು ಮಾತು. ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಸುಮಾರು 3000 ವರ್ಷ ಬೇಕು. ಎಂಬತ್ತು ವರ್ಷಕ್ಕೊಂದು ಎಂದು ಇಟ್ಟುಕೊಂಡರೆ, ಮೂವತ್ತಕ್ಕೂ ಹೆಚ್ಚು ಸ್ಫೋಟಗಳ ಬೆಳಕು ಈಗಾಗಲೇ ಹೊರಟು, ಒಂದರ ಹಿಂದೆ ಒಂದು ಸಾಲಾಗಿ ದಾರಿಯಲ್ಲಿದೆ. ನಾವು ಕಾಯುತ್ತಿರುವುದು ಆ ಸಾಲಿನಲ್ಲಿ ಮುಂದೆ ಇರುವುದಕ್ಕೆ.

ಸರಿ, ನೋಡುವುದು ಹೇಗೆ?

ನಗರದ ಹೊರವಲಯದಲ್ಲಿ ನಾಲ್ಕು ಇಂಚಿನ, ಅಂದರೆ ಮಸೂರವೋ ಕನ್ನಡಿಯೋ ಅಷ್ಟು ಅಗಲ ಇರುವ, ಟೆಲಿಸ್ಕೋಪ್ ಇದ್ದರೆ ಟಿ ಸಿಗುತ್ತದೆ. ಆರು ಇಂಚಿನದಾದರೆ ಆರಾಮ. ಬೀದಿ ದೀಪಗಳಿಲ್ಲದ ಹಳ್ಳಿಯಲ್ಲಿ, ಸ್ಟ್ಯಾಂಡಿನ ಮೇಲೆ ಕೂರಿಸಿದ 15×70 (ಹದಿನೈದು ಪಟ್ಟು ಹಿಗ್ಗಿಸುವ, 70 ಮಿಲಿಮೀಟರ್ ಮಸೂರದ) ಬೈನಾಕ್ಯುಲರಿನಲ್ಲೂ ಹಿಡಿಯಬಹುದು. ಕರ್ನಾಟಕದವರಿಗೆ ಒಂದು ಅನುಕೂಲ ಇದೆ. ಟಿ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ. ಬೆಂಗಳೂರಿನಿಂದ ನೋಡಿದರೆ ನೆತ್ತಿಗಿಂತ ಹದಿಮೂರು ಡಿಗ್ರಿ ಮಾತ್ರ ಉತ್ತರಕ್ಕೆ. ದಿಗಂತದ ದೂಳು, ಹೊಗೆ ಕಾಡುವುದಿಲ್ಲ. ಫೆಬ್ರವರಿಯಲ್ಲಿ ನಡುರಾತ್ರಿ ದಾಟಿದ ಮೇಲೆ ಹುಟ್ಟುತ್ತದೆ, ಮಾರ್ಚ್ ನಡುವಿಗೆ ರಾತ್ರಿ ಹತ್ತೂವರೆ ಹೊತ್ತಿಗೆ, ಏಪ್ರಿಲ್ ನಡುವಿಗೆ ಎಂಟೂವರೆಗೆ. ಮೇ ತಿಂಗಳಲ್ಲಿ ನಡುರಾತ್ರಿ ಕಳೆದು ನೆತ್ತಿಗೆ ಬರುತ್ತದೆ. ಜೂನ್‌ನಲ್ಲಿ ಹತ್ತೂವರೆ ಹನ್ನೊಂದಕ್ಕೆಲ್ಲ ಮೇಲಿರುತ್ತದೆ, ಆದರೆ ಆಗ ಮೋಡ. ಮಲೆನಾಡು ಕರಾವಳಿಯವರಿಗಂತೂ ಸೆಪ್ಟೆಂಬರ್ ಮುಗಿಯುವವರೆಗೆ ಆಸೆ ಕಮ್ಮಿ. ಆ ತಿಂಗಳುಗಳಲ್ಲಿ ಬಯಲುಸೀಮೆಯವರೇ ಕಾವಲು ಕಾಯಬೇಕು.

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಮೊಬೈಲ್ ಒಮ್ಮೆ ತೆಗೆದು ನೋಡಿದರೆ ಮತ್ತೆ ಮೊದಲಿನಿಂದ. ನಾನು ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡಿದ್ದೇನೆ, ರಬ್ಬರ್ ಬ್ಯಾಂಡ್ ಹಾಕಿ. ಕೆಂಪು ಬೆಳಕು ಕತ್ತಲ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳು ಬಂದಿದ್ದಳು. ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಟೆಲಿಸ್ಕೋಪ್ ಇಟ್ಟು, ಟಿಯನ್ನು ನಡುವಿಗೆ ತಂದು, ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ.

"ಚಿಕ್ಕಪ್ಪ, ಎಲ್ಲಿ? ಮೂರು ಚುಕ್ಕಿ ಇದೆ, ನಡುವೆ ಏನೂ ಇಲ್ಲ."

"ನಡುವೆ ನೋಡಬೇಡ ಪುಟ್ಟಿ. ಆ ಬಲಗಡೆ ಚುಕ್ಕಿ ನೋಡ್ತಾ ಇರು, ಆದ್ರೆ ಗಮನ ನಡುವೆ ಇರಲಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯೋ, ಬಂತು! ನೇರ ನೋಡಿದ್ರೆ ಹೋಗ್ತಿದೆ, ಪಕ್ಕಕ್ಕೆ ನೋಡಿದ್ರೆ ಬರ್ತಿದೆ!"

ಇದರಲ್ಲಿ ಮ್ಯಾಜಿಕ್ ಏನಿಲ್ಲ. ನಮ್ಮ ಕಣ್ಣಿನ ಪರದೆಯ ನಟ್ಟನಡುವೆ ಬಣ್ಣ ಗುರುತಿಸುವ ಕೋಶಗಳೇ ಜಾಸ್ತಿ. ಅವಕ್ಕೆ ಒಳ್ಳೆ ಬೆಳಕು ಬೇಕು. ಮಂಕು ಬೆಳಕನ್ನು ಹಿಡಿಯುವ ಕೋಶಗಳು ಸುತ್ತಲೂ ಹರಡಿವೆ. ಓರೆಗಣ್ಣಿನಲ್ಲಿ ನೋಡಿದಾಗ ನಕ್ಷತ್ರದ ಬೆಳಕು ಆ ಕೋಶಗಳ ಮೇಲೆ ಬೀಳುತ್ತದೆ. ಅಷ್ಟೇ.

ನಕ್ಷತ್ರ ಸಿಕ್ಕಮೇಲೆ ಅಳೆಯಬೇಕು. ಇದಕ್ಕೆ ಯಂತ್ರ ಏನೂ ಬೇಡ. ಸಂತೆಯಲ್ಲಿ ತಕ್ಕಡಿಗೆ ತೂಕದ ಕಲ್ಲು ಇಟ್ಟ ಹಾಗೆ, ಟಿಯ ಅಕ್ಕಪಕ್ಕದಲ್ಲಿ ಬೆಳಕು ಬದಲಾಗದ ನಕ್ಷತ್ರಗಳನ್ನು ಆರಿಸಿ, ಅವುಗಳ ಕಾಂತಿಮಾನವನ್ನು ನಕಾಶೆಯಲ್ಲಿ ಬರೆದಿಟ್ಟಿರುತ್ತಾರೆ. ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘ, ಅಂದರೆ ಎಎವಿಎಸ್‌ಓ, ಇಂಥ ನಕಾಶೆಗಳನ್ನು ಯಾರಿಗೆ ಬೇಕಾದರೂ ಪುಕ್ಕಟೆ ಕೊಡುತ್ತದೆ. 1911ರಿಂದ ಇರುವ ಸಂಘ ಇದು. ನಕಾಶೆಯಲ್ಲಿ ದಶಾಂಶ ಬಿಂದು ಹಾಕುವುದಿಲ್ಲ, ಬಿಂದುವನ್ನು ನಕ್ಷತ್ರ ಎಂದು ತಿಳಿದುಬಿಡುವ ಅಪಾಯ ಇದೆಯಲ್ಲ! ಹಾಗಾಗಿ 98 ಎಂದಿದ್ದರೆ ಅದು 9.8.

ಈಗ ಟಿಗಿಂತ ಸ್ವಲ್ಪ ಬೆಳಗುವ ಒಂದು ಮತ್ತು ಸ್ವಲ್ಪ ಮಂಕಾದ ಒಂದು ನಕ್ಷತ್ರ ಆರಿಸಿಕೊಳ್ಳಿ. ಉದಾಹರಣೆಗೆ ಒಂದು 9.8, ಇನ್ನೊಂದು 10.6 ಎಂದಿಟ್ಟುಕೊಳ್ಳಿ. ಟಿ ಇವೆರಡರ ಸರಿಯಾಗಿ ನಡುವೆ ಇದ್ದರೆ 10.2. ಬೆಳಗುವುದಕ್ಕೇ ಹತ್ತಿರ ಅನ್ನಿಸಿದರೆ 10.0. ಅಷ್ಟು ಬರೆದು, ತಾರೀಖು, ಗಂಟೆ ಹಾಕಿದರೆ ಒಂದು ವೀಕ್ಷಣೆ ಆಯಿತು.

ಒಂದು ಎಚ್ಚರಿಕೆ. ಟಿ ಕೆಂಪು ಛಾಯೆಯ ನಕ್ಷತ್ರ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡುತ್ತಾ ನಿಂತರೆ ಅದು ಕಣ್ಣಿಗೆ ಮೆಲ್ಲಗೆ ಬೆಳಗುತ್ತಾ ಹೋದ ಹಾಗೆ ಕಾಣುತ್ತದೆ. ನಿಜವಾಗಿ ಬೆಳಗಿರುವುದಿಲ್ಲ. ಅದಕ್ಕೆ ದಿಟ್ಟಿಸಬಾರದು. ಇದನ್ನೊಮ್ಮೆ, ಅದನ್ನೊಮ್ಮೆ ಸರಸರ ನೋಡಿ ತೀರ್ಮಾನ ಮಾಡಬೇಕು. ನಿನ್ನೆ ಎಷ್ಟು ಬರೆದಿದ್ದೆ ಎಂದು ನೋಡಿಕೊಳ್ಳುವುದೂ ಬೇಡ. ನೋಡಿದರೆ ಕಣ್ಣು ಅದೇ ಅಂಕಿಯ ಕಡೆ ವಾಲುತ್ತದೆ.

ಹೀಗೆ ತಿಂಗಳುಗಟ್ಟಲೆ ಬರೆದರೆ ಒಂದು ಸೊಗಸಾದ ಸಂಗತಿ ತೆರೆದುಕೊಳ್ಳುತ್ತದೆ. ಸ್ಫೋಟ ಇಲ್ಲದಾಗಲೂ ಟಿ ಸುಮ್ಮನಿರುವುದಿಲ್ಲ. ಕುಬ್ಜದ ಸೆಳೆತಕ್ಕೆ ದೈತ್ಯ ಗುಂಡಗೆ ಉಳಿದಿಲ್ಲ, ಕುಬ್ಜದ ಕಡೆಗೆ ಮೊಟ್ಟೆಯ ಹಾಗೆ ಚಾಚಿಕೊಂಡಿದೆ. ಒಂದು ಮೊಟ್ಟೆಯನ್ನು ಕಣ್ಣೆದುರು ಹಿಡಿದು ತಿರುಗಿಸಿ ನೋಡಿ. ಅಡ್ಡಲಾಗಿ ಕಂಡಾಗ ದೊಡ್ಡದು, ತುದಿ ನಮ್ಮ ಕಡೆ ಬಂದಾಗ ಚಿಕ್ಕದು. ಒಂದು ಸುತ್ತಿಗೆ ಎರಡು ಸಲ ದೊಡ್ಡದು, ಎರಡು ಸಲ ಚಿಕ್ಕದು. ಟಿಯ ಸುತ್ತು 227 ದಿನ. ಹಾಗಾಗಿ ಸುಮಾರು 114 ದಿನಕ್ಕೊಮ್ಮೆ ಅದರ ಬೆಳಕು ಮೆಲ್ಲಗೆ ಏರಿ ಇಳಿಯುತ್ತದೆ. ಏರಿಳಿತ ಒಂದು ಮೆಟ್ಟಿಲಿನ ಮೂರನೇ ಒಂದು ಭಾಗದಷ್ಟು ಮಾತ್ರ. ಒಬ್ಬರ ಒಂದು ರಾತ್ರಿಯ ಅಂಕಿಯಲ್ಲಿ ಇದು ಕಾಣುವುದಿಲ್ಲ. ನೂರಾರು ಜನರ ಅಂಕಿ ಸೇರಿದಾಗ ಅಲೆ ಎದ್ದು ಕಾಣುತ್ತದೆ. ಯಾವ ಟೆಲಿಸ್ಕೋಪೂ ಬಿಡಿಸಿ ತೋರಿಸಲಾಗದ ಆ ಮೊಟ್ಟೆಯಾಕಾರವನ್ನು ಪುಸ್ತಕದ ಅಂಕಿಗಳು ತೋರಿಸುತ್ತವೆ. ನನಗಂತೂ ಸ್ಫೋಟಕ್ಕಿಂತ ಇದೇ ಹೆಚ್ಚಿನ ವಿಸ್ಮಯ.

ಇಂಥ ಕೆಲಸವನ್ನು ಜೀವಮಾನವಿಡೀ ಮಾಡಿದ ಒಬ್ಬರು ನಮ್ಮಲ್ಲೇ ಇದ್ದರು. ರಾಧಾಗೋವಿಂದ ಚಂದ್ರ. ಬಂಗಾಳದ ಜೆಸ್ಸೋರಿನಲ್ಲಿ ಸರ್ಕಾರಿ ಖಜಾನೆಯ ಸಣ್ಣ ನೌಕರ. ಹಗಲು ನಾಣ್ಯ ಎಣಿಸುವ, ಪರೀಕ್ಷಿಸುವ ಕೆಲಸ, ರಾತ್ರಿ ಮೂರು ಇಂಚಿನ ಟೆಲಿಸ್ಕೋಪು. ಎಎವಿಎಸ್‌ಓಗೆ ಅವರು ಮೂವತ್ತು ಸಾವಿರಕ್ಕೂ ಹೆಚ್ಚು ವೀಕ್ಷಣೆ ಕಳಿಸಿದರು. ಮೆಚ್ಚಿದ ಸಂಘ 1926ರಲ್ಲಿ ಆರು ಇಂಚಿನ ಟೆಲಿಸ್ಕೋಪನ್ನು ಅವರಿಗೆ ಕಳಿಸಿಕೊಟ್ಟಿತು. ಆ ಟೆಲಿಸ್ಕೋಪ್ ಮುಂದೆ ಖಗೋಳ ವಿಜ್ಞಾನಿ ವೈನು ಬಾಪು ಅವರ ಕೈಸೇರಿ, ಕಾವಲೂರಿನ ವೀಕ್ಷಣಾಲಯಕ್ಕೆ ಬಂತು. ತಮಿಳುನಾಡಿನ ಆ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ.

ಕಿರೀಟದ ಕಡೆ ಕಣ್ಣು ಹಾಯಿಸಿದಾಗ ಇನ್ನೊಂದನ್ನೂ ನೋಡಿಬಿಡಿ. ಬಳೆಯ ಬಾಗಿನ ಒಳಗೆ ಆರ್ ಎಂಬ ನಕ್ಷತ್ರವಿದೆ. ಅದರದು ಟಿಯ ಉಲ್ಟಾ ಸ್ವಭಾವ. ಸಾಮಾನ್ಯವಾಗಿ 6ರ ಆಸುಪಾಸಿನಲ್ಲಿ ಬೆಳಗುತ್ತಿರುತ್ತದೆ, ಯಾವಾಗಲೋ ಒಮ್ಮೆ ತನ್ನದೇ ಇಂಗಾಲದ ಮಸಿ ಮುಸುಕಿ ಮರೆಯಾಗುತ್ತದೆ. ಹತ್ತಿರ ಹತ್ತಿರ ಇರುವ ಎರಡು ಜಾಗ. ಒಂದು ಕಡೆ ಇಲ್ಲದ್ದು ಬರುತ್ತದೆಯೋ ಎಂದು, ಇನ್ನೊಂದು ಕಡೆ ಇದ್ದದ್ದು ಹೋಗುತ್ತದೆಯೋ ಎಂದು ನೋಡಬೇಕು.

ಟೆಲಿಸ್ಕೋಪ್ ಇಲ್ಲದವರು ಏನು ಮಾಡಬೇಕು? ಕಿರೀಟದ ಏಳು ನಕ್ಷತ್ರಗಳನ್ನು ಬಾಯಿಪಾಠ ಮಾಡಿಕೊಳ್ಳಿ. ನಡುವಿನ ದೊಡ್ಡದು ಆಲ್ಫೆಕ್ಕಾ, ಅದರ ಕಾಂತಿಮಾನ 2.2. ಎಪ್ಸಿಲಾನ್ 4.1. ಊಟ ಮುಗಿಸಿ ಹೊರಗೆ ಬಂದಾಗ ಒಮ್ಮೆ ತಲೆಯೆತ್ತಿ ಎಣಿಸಿ. ಆಲ್ಫೆಕ್ಕಾಗೆ ಸರಿಸಮವಾಗಿ ಎಪ್ಸಿಲಾನ್ ಪಕ್ಕದಲ್ಲಿ ಇನ್ನೊಂದು ಕಂಡರೆ ಅದೇ ಟಿ. ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಆಲ್ಫೆಕ್ಕಾಗಿಂತ ಬೆಳಗಿದೆಯೋ ಮಂಕೋ ಬರೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಚುಕ್ಕಿ ಜಾಗ ಬದಲಿಸಿದ್ದರೆ ಅದು ವಿಮಾನವೋ ಉಪಗ್ರಹವೋ ಇರಬೇಕು. ಅಲ್ಲೇ ಇದ್ದರೆ ಗೊತ್ತಿರುವ ಹವ್ಯಾಸಿಗಳಿಗೆ ಫೋನ್ ಮಾಡಿ, ಎಎವಿಎಸ್‌ಓಗೂ ತಿಳಿಸಿ. ಏರುವ ಹಾದಿಯ ಆ ಮೊದಲ ಗಂಟೆಗಳ ಅಂಕಿಗಳೇ ವಿಜ್ಞಾನಿಗಳಿಗೆ ಎಲ್ಲಕ್ಕಿಂತ ಬೇಕಾದವು. 1866ರಲ್ಲೂ 1946ರಲ್ಲೂ ಅವು ಸರಿಯಾಗಿ ಸಿಗಲಿಲ್ಲ.

ವಾರದಲ್ಲಿ ಅದು ಕಣ್ಣಿಗೆ ಮರೆಯಾಗುತ್ತದೆ. ಆಗ ಪತ್ರಿಕೆಗಳು ಸುಮ್ಮನಾಗುತ್ತವೆ, ನೀವು ಆಗಬೇಡಿ. ಹಿಂದಿನ ಎರಡೂ ಸಲ ಟಿ 10ರ ಹತ್ತಿರಕ್ಕೆ ಇಳಿದು, ಮೂರ್ನಾಲ್ಕು ತಿಂಗಳ ನಂತರ ಇನ್ನೊಮ್ಮೆ 8ರವರೆಗೆ ಏರಿತ್ತು. ಈ ಎರಡನೇ ಏರಿಕೆ ಯಾಕೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಇಲ್ಲ. 8 ಅಂದರೆ ಬರಿಗಣ್ಣಿಗೆ ಕಾಣದು, ಸಾಮಾನ್ಯ ಬೈನಾಕ್ಯುಲರಿಗೆ ಸಿಗುತ್ತದೆ. ನನ್ನ ಪುಸ್ತಕದಲ್ಲಿ ಅದಕ್ಕೆಂದೇ ಕೆಲವು ಹಾಳೆ ಬಿಟ್ಟಿದ್ದೇನೆ.